ಎಡಕ್ಕೆ ತಿರುಗಿದರೆ ಕಿರುಗುಟ್ಟುವ ಕುರ್ಚಿ

ನಗರಗಳ ಚರಿತ್ರೆ ಬರೆಯುವವರು ಯುದ್ಧ, ನೆರೆ, ಬೆಂಕಿ ಅನಾಹುತ, ಮೊದಲ ರೈಲು ಬಂದ ವರ್ಷ ಇವುಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆದರೆ ಒಂದು ಹಳೇ ಬೀದಿಯ ಕ್ಷೌರದ ಕುರ್ಚಿ ಎಡಕ್ಕೆ ತಿರುಗಿದಾಗ ಮಾತ್ರ ಕಿರುಗುಟ್ಟುತ್ತಿತ್ತು, ಬಲಕ್ಕೆ ತಿರುಗಿದಾಗ ತುಟಿಪಿಟಕ್ಕೆನ್ನುತ್ತಿರಲಿಲ್ಲ ಎಂಬ ಗಂಭೀರ ಸಂಗತಿಯನ್ನು ಇದುವರೆಗೆ ಯಾರೂ ದಾಖಲಿಸಿಲ್ಲ. ಈ ಲೋಪವನ್ನು ಈಗಲಾದರೂ ಸರಿಪಡಿಸದಿದ್ದರೆ ಮುಂದಿನ ತಲೆಮಾರಿಗೆ ನಾವು ಮುಖ ತೋರಿಸುವ ಹಾಗಿಲ್ಲ.

ಕಿರುಗುಟ್ಟುವುದೆಂದರೆ ಬಾಗಿಲೋ ಕಿಟಕಿಯೋ ಕಿರುಗುಟ್ಟುವಂಥ ಸಾಧಾರಣ ಸದ್ದಲ್ಲ. ಮೊದಲು ಸಂದಿಯಲ್ಲಿ ಸಿಕ್ಕಿಬಿದ್ದ ಬೆಕ್ಕಿನಂತೆ ಸಣ್ಣಗೆ ಶುರುವಾಗುತ್ತಿತ್ತು. ನಡುವೆ ಒಂದು ಕ್ಷಣ ನಿಂತು, ಮುಂದುವರಿಯಲೋ ಬೇಡವೋ ಎಂದು ಯೋಚಿಸುತ್ತಿತ್ತು. ಆಮೇಲೆ ವಯಸ್ಸಾದವರು ನೆಲದಿಂದ ಏಳುವಾಗ ತೆಗೆಯುವಂಥ ಒಂದು 'ಹುಕ್ಕ್' ಎಂಬ ನಿಟ್ಟುಸಿರಿನಲ್ಲಿ ಮುಗಿಯುತ್ತಿತ್ತು. ಬೀದಿಯ ಆ ತುದಿಯ ಬೀಗದಂಗಡಿಗೂ ಅದು ಕೇಳಿಸುತ್ತಿತ್ತು.

ಕುರ್ಚಿಯ ಒಡೆಯನನ್ನು ಬೀದಿಯವರು ಕತ್ತರಿಯಣ್ಣ ಎನ್ನುತ್ತಿದ್ದರು. ಅಂಗಡಿ ಅವನ ಅಪ್ಪನದು, ಕುರ್ಚಿಯೂ ಅಪ್ಪನದೇ. ಬೀಡುಕಬ್ಬಿಣದ ಕಾಲು, ಸವೆದು ನುಣುಪಾದ ಮರದ ತೋಳು, ತಲೆ ಆನಿಸಲು ಎತ್ತಿ ಇಳಿಸುವ ಒಂದು ದಿಂಬು. ಗಿರಾಕಿಯ ಕಿವಿಯ ಹಿಂದೆ ಕತ್ತರಿ ಆಡಿಸಬೇಕಾದರೆ ಕುರ್ಚಿ ತಿರುಗಿಸಲೇಬೇಕು. ಎಡಕ್ಕೆ ತಿರುಗಿಸಿದರೆ ಅದು ಕೂಗಲೇಬೇಕು. "ಕೂದಲು ಹೋಗ್ತಿರೋದು ನಂದು, ಅಳ್ತಿರೋದು ನಿನ್ನ ಕುರ್ಚಿ!" ಎಂದು ಗಿರಾಕಿಗಳು ನಗೆಚಾಟಿಕೆ ಮಾಡುತ್ತಿದ್ದರು. ಪ್ರತಿಯೊಬ್ಬನೂ ಅದನ್ನು ತಾನೇ ಹೊಸದಾಗಿ ಕಂಡುಹಿಡಿದವನಂತೆ ಹೇಳುತ್ತಿದ್ದ. ಕತ್ತರಿಯಣ್ಣ ಪ್ರತಿ ಸಲವೂ ಮೊದಲ ಬಾರಿಗೆ ಕೇಳಿದವನಂತೆ ನಗುತ್ತಿದ್ದ. ಕ್ಷೌರದ ಕಸುಬಿನಲ್ಲಿ ಕತ್ತರಿ ಹಿಡಿಯುವುದಕ್ಕಿಂತ ಕಷ್ಟದ ವಿದ್ಯೆ ಅದು. ಒಳಗೊಳಗೆ ಮಾತ್ರ ಅವನಿಗೆ ಆ ಸದ್ದಿನ ಬಗ್ಗೆ ತಲೆ ತಗ್ಗಿಸುವಷ್ಟು ನಾಚಿಕೆ. ರಿಪೇರಿ ಮಾಡಿಸೋಣವೆಂದರೆ ಕುರ್ಚಿ ಖಾಲಿ ಇರಬೇಕಲ್ಲ? ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಯಾರಾದರೊಬ್ಬರು ಗಡ್ಡ ಕೆರೆದುಕೊಳ್ಳುತ್ತಾ ನಿಂತಿರುತ್ತಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಪೇಪರ್ ಓದುವವರು ಅದರಲ್ಲಿ ಕೂತು, ದೇಶದ ಸ್ಥಿತಿಗತಿ ಕಂಡು ಎಡಕ್ಕೆ ತಿರುಗುತ್ತಿದ್ದರು.

ಬೀದಿಯ ಕಥೆಯೂ ಹೇಳುವಂಥದ್ದೇ. ಒಂದು ಕಾಲಕ್ಕೆ ಊರಿನ ಅಂಚಿನಲ್ಲಿದ್ದ ಅದು ಎಲ್ಲಿಗೂ ಹೋಗದೆ ಕೂತಲ್ಲೇ ಕೂತಿತ್ತು. ಊರು ಮಾತ್ರ ಬೆಳೆದು, ಉಬ್ಬಿ, ನಾಲ್ಕೂ ದಿಕ್ಕಿಗೆ ಕೈಕಾಲು ಚಾಚಿ, ಬೀದಿಯನ್ನು ನಟ್ಟನಡುವಿಗೆ ತಂದು ಕೂರಿಸಿತ್ತು. ಹಳೇ ಗಿರಾಕಿಗಳು ಕಾರು ನಿಲ್ಲಿಸಲು ಜಾಗವಿರುವ ಹೊಸ ಬಡಾವಣೆಗಳಿಗೆ ಒಬ್ಬೊಬ್ಬರಾಗಿ ಹೊರಟುಹೋದರು. ಪಕ್ಕದಲ್ಲಿ ಎದ್ದ ಬಹುಮಹಡಿ ಕಟ್ಟಡಗಳ ಹೊಸ ಜನ ಅಂಗಡಿಯೊಳಗೆ ಇಣುಕಿ, ಕುರ್ಚಿ ಕೂಗುವುದನ್ನು ಕೇಳಿ, ಒಳಗೇನೋ ಅಪಾಯದ ಕೆಲಸ ನಡೆದಿದೆ ಎಂಬ ಮುಖ ಮಾಡಿಕೊಂಡು ಮುಂದೆ ಹೋಗುತ್ತಿದ್ದರು.

ಆಗ ರಂಗಕ್ಕಿಳಿದವನು ಅಳಿಯ. ಅವನು ಗಾಜು ಕೂರಿಸುವ ಗುತ್ತಿಗೆದಾರ. ಗಾಜಿಲ್ಲದ ಗೋಡೆ ಕಂಡರೆ ಬಟ್ಟೆಯಿಲ್ಲದವರನ್ನು ಕಂಡಷ್ಟು ಸಂಕೋಚಪಡುವ ಮನುಷ್ಯ.

"ಮಾವ, ಇದು ಅಂಗಡಿ ಅಲ್ಲ, ಗುಹೆ. ಕೂದಲು ಕತ್ತರಿಸಿಕೊಳ್ಳೋಕೆ ಬರೋರು ಅಂದ್ರೆ ಕರಡಿಗಳು ಮಾತ್ರ" ಎಂದ.

ಕರಡಿ ಬಂದರೂ ಈಚೆಗೆ ಕತ್ತರಿಯಣ್ಣ ಬೇಡವೆನ್ನುತ್ತಿರಲಿಲ್ಲ. ಹೀಗಾಗಿ ಒಪ್ಪಿದ. ಮರದ ಬಾಗಿಲು ಹೋಗಿ ಗಾಜಿನ ಬಾಗಿಲು ಬಂತು. ಗೋಡೆ ಕಪ್ಪಾಯಿತು. ಕನ್ನಡಿಯ ಸುತ್ತ ಬಲ್ಬುಗಳು ಹತ್ತಿಕೊಂಡವು. ಕಾಲಲ್ಲಿ ಒತ್ತಿದರೆ ಮೇಲೇಳುವ, ಒತ್ತುವುದು ಬಿಟ್ಟು ಪಕ್ಕದ ಹಿಡಿ ಎಳೆದರೆ 'ಫುಸ್' ಎಂದು ಕೆಳಗಿಳಿಯುವ ಮೂರು ಹೊಸ ಕುರ್ಚಿಗಳು ಬಂದವು. ಬಾಗಿಲ ಮೇಲೆ ಓದಲಾಗದಷ್ಟು ಅಂದವಾದ ಅಕ್ಷರಗಳಲ್ಲಿ ಸಲೂನಿನ ಹೆಸರು ಬಂತು. ಕೊನೆಗೆ ಅಳಿಯನ ಕಣ್ಣು ಮಾವನ ಮೇಲೇ ಬಿದ್ದು, ಮೀಸೆ ಕಪ್ಪಾಯಿತು, ಅಂಗಿಯ ಜಾಗದಲ್ಲಿ ಮೈಗಂಟಿದ ಕಪ್ಪು ಟೀಶರ್ಟ್ ಬಂತು. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ ಕತ್ತರಿಯಣ್ಣ, ಯಾರೋ ಗಿರಾಕಿ ಬಂದನೆಂದು "ಬನ್ನಿ, ಕೂತ್ಕೊಳ್ಳಿ" ಎಂದುಬಿಟ್ಟ.

"ಹಳೇ ಅಂಗಡಿ ವಿಷಯ ಯಾರಾದ್ರೂ ಎತ್ತಿದ್ರೆ ಬಾಯಿ ಬಿಡಬೇಡಿ ಮಾವ. ಹಳೇದು ಅಂತ ಗೊತ್ತಾದ್ರೆ ಈಗಿನೋರು ತಲೆ ಕೊಡಲ್ಲ" ಎಂದು ಅಳಿಯ ತಾಕೀತು ಮಾಡಿದ.

ಹಳೇ ಕುರ್ಚಿ ಫುಟ್‌ಪಾತಿಗೆ ಬಿತ್ತು. ಅಲ್ಲಿ ಅದು ಒಂದು ಮಧ್ಯಾಹ್ನವೂ ಇರಲಿಲ್ಲ. ಕತ್ತರಿಯಣ್ಣನ ಹೆಂಡತಿಯ ತಮ್ಮನದು ಎದುರುಗಡೆಯೇ ಇಸ್ತ್ರಿ ಅಂಗಡಿ. "ನನ್ನ ತಮ್ಮ ನಿಂತೂ ನಿಂತೂ ಅರ್ಧ ಸವೆದುಹೋಗಿದ್ದಾನೆ, ಅವನಾದ್ರೂ ಕೂರಲಿ" ಎಂದು ಆಕೆ ಕುರ್ಚಿಯನ್ನು ರಸ್ತೆ ದಾಟಿಸಿದಳು. ತಮ್ಮ ಇಸ್ತ್ರಿ ಪೆಟ್ಟಿಗೆ ಕಾಯುವ ತನಕ ಅದರಲ್ಲಿ ಕೂತು ಎಡಕ್ಕೂ ಬಲಕ್ಕೂ ತಿರುಗುತ್ತಿದ್ದ. ಹೊಸ ಸಲೂನಿಗೆ ಹೊಸ ಗಿರಾಕಿಗಳು ಸಾಕಷ್ಟು ಬರತೊಡಗಿದರು. "ಅಂಕಲ್, ನೀವು ಈ ಏರಿಯಾಗೆ ಹೊಸಬರಾ?" ಎಂದು ಅವರು ಕೇಳಿದಾಗ ಕತ್ತರಿಯಣ್ಣ ಹಲ್ಲು ಕಿರಿದು ಸುಮ್ಮನಾಗುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಬೆಳಗ್ಗೆ ಅವನು ಬಾಚಣಿಗೆ ಒರೆಸುತ್ತಾ ಗಾಜಿನ ಬಾಗಿಲಲ್ಲಿ ನಿಂತಿದ್ದ. ಬೀದಿಯ ತಿರುವಿನಲ್ಲಿ ಒಂದು ಕೆಂಪು ಕೊಡೆ ಕಾಣಿಸಿತು. ಮೋಡವಿಲ್ಲ, ಬಿಸಿಲಿಲ್ಲ, ಆದರೂ ಕೊಡೆ. ಅದನ್ನೆತ್ತಿ ಹಿಡಿದವಳು ಸೊಂಟಕ್ಕೆ ಪುಟ್ಟ ಸ್ಪೀಕರ್ ಕಟ್ಟಿಕೊಂಡ ಒಬ್ಬ ಹುಡುಗಿ. ಅವಳ ಹಿಂದೆ ಟೋಪಿ, ನೀರಿನ ಬಾಟಲಿ, ಕ್ಯಾಮೆರಾ ಹೊತ್ತ ಒಂದು ಹಿಂಡು ಜನ. ಹಳೇ ಬೀದಿಗಳನ್ನು ತೋರಿಸಿಕೊಂಡು ಹೋಗುವ ಈ ನಡಿಗೆ ಈಚೆಗೆ ಶುರುವಾಗಿತ್ತು. ಹೊಸ ಬಡಾವಣೆಯವರು ರಜೆಯ ದಿನ ಬಂದು, ತಾವು ಬಿಟ್ಟುಹೋದದ್ದನ್ನೆಲ್ಲ ನೋಡಿ ಮರುಗಿ, ಮಧ್ಯಾಹ್ನದೊಳಗೆ ಮನೆ ಸೇರುತ್ತಿದ್ದರು.

ಹಿಂಡು ಸಲೂನಿನ ಮುಂದೆಯೇ ನಿಂತಿತು. ಕತ್ತರಿಯಣ್ಣ ಎದೆ ಸೆಟೆಸಿ ಮೀಸೆ ನೀವಿಕೊಂಡ.

"ಇಲ್ಲಿ, ಈಗ ಈ ಗಾಜಿನ ಸಲೂನ್ ಇರೋ ಜಾಗದಲ್ಲಿ, ಒಂದು ಕ್ಷೌರದಂಗಡಿ ಇತ್ತು" ಎಂದು ಸ್ಪೀಕರಿನಲ್ಲಿ ಕೊಡೆ ಹುಡುಗಿಯ ದನಿ ಮೆತ್ತಗಾಯಿತು. "ಅಲ್ಲಿದ್ದ ಹಿರಿಯ ಕ್ಷೌರಿಕರು ಈ ಬೀದಿಯ ಜೀವಾಳ. ಅವರ ಕೈಗೆ ತಲೆ ಕೊಡದೆ ಇಲ್ಲಿ ಯಾರೂ ದೊಡ್ಡವರಾಗಲಿಲ್ಲ. ಈಗ ಅವರು ನಮ್ಮೊಂದಿಗಿಲ್ಲ. ಅವರು ತೀರಿಕೊಂಡ ಮೇಲೆ ಹೊರಗಿನವರು ಯಾರೋ ಬಂದು ಇದನ್ನ ಹೀಗೆ ಮಾಡಿದ್ದಾರೆ."

ಹಿಂಡು ಸಲೂನಿನ ಕಡೆ ಛೀಮಾರಿ ಹಾಕುವ ಕಣ್ಣಲ್ಲಿ ನೋಡಿತು. ದಪ್ಪಗಿನ ಒಬ್ಬಾತ ಟೋಪಿ ತೆಗೆದು ಎದೆಗೊತ್ತಿಕೊಂಡ. ಕತ್ತರಿಯಣ್ಣನೂ, ಸತ್ತವರು ಯಾರೆಂದು ತಲೆಗೆ ಹೋಗುವ ಮೊದಲೇ, ಮರ್ಯಾದೆಗೆಂದು ತಲೆ ಬಗ್ಗಿಸಿದ. ಬಗ್ಗಿಸಿದ ಮೇಲೆ ಹೊಳೆಯಿತು. ದಡಕ್ಕನೆ ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಬಂದ.

"ಏನಮ್ಮಾ ಇದು—"

"ಸರ್, ಒಂಚೂರು ಪಕ್ಕಕ್ಕೆ ಬರ್ತೀರಾ? ಹೊಸ್ತಿಲು ಹಳೇದು, ಅದರ ಫೋಟೊ ತಗೋಬೇಕು" ಎಂದಳು ಹುಡುಗಿ, ಬಹಳ ನಯವಾಗಿ.

ಅವನು ಪಕ್ಕಕ್ಕೆ ಸರಿದ. ಯಾಕೆ ಸರಿದೆನೆಂದು ಅವನಿಗೆ ಆಮೇಲೂ ಗೊತ್ತಾಗಲಿಲ್ಲ. ಹೊಸ್ತಿಲಿನ ಫೋಟೊ ಮುಗಿಸಿ ಹಿಂಡು ಎದುರಿನ ಇಸ್ತ್ರಿ ಅಂಗಡಿಗೆ ದಾಟಿತು. ಅಲ್ಲಿ ಅವನ ಮೈದುನ ತಲೆ ಬಾಚಿ, ಇಸ್ತ್ರಿಯ ಅಂಗಿ ತೊಟ್ಟು, ಕುರ್ಚಿಯ ಪಕ್ಕ ಕಾದು ನಿಂತಿದ್ದ.

"ಆ ಹಿರಿಯರ ನೆನಪಿಗೆ ಉಳಿದಿರೋದು ಇದೊಂದೇ. ಎಲ್ಲರೂ ಕಣ್ಮುಚ್ಚಿಕೊಳ್ಳಿ" ಎಂದಳು ಹುಡುಗಿ.

ಮೈದುನ ಕುರ್ಚಿಯನ್ನು ನಿಧಾನಕ್ಕೆ ಎಡಕ್ಕೆ ತಿರುಗಿಸಿದ. ಕಿರ್ರ್ರ್... ಹುಕ್ಕ್. ಹಿಂಡಿನಲ್ಲಿ ಯಾರೋ ಮೂಗು ಒರೆಸಿಕೊಂಡರು. "ನಮ್ಮ ತಾತನ ಕಾಲದಲ್ಲಿ ಎಲ್ಲ ಹೀಗೇ ಕೂಗ್ತಿತ್ತು" ಎಂದು ಟೋಪಿಯವನು ಗದ್ಗದಿತನಾದ. ಮೈದುನ ಕೈಮುಗಿದು, ಬೇಡಿಕೆಯ ಮೇರೆಗೆ ಇನ್ನೊಮ್ಮೆ ತಿರುಗಿಸಿದ.

ಮಧ್ಯಾಹ್ನ ಊಟಕ್ಕೆ ಕೂತಾಗ ಕತ್ತರಿಯಣ್ಣನಿಗೆ ಅನ್ನ ಇಳಿಯಲಿಲ್ಲ.

"ನಾನು ಸತ್ತುಹೋಗಿದ್ದೀನಂತೆ" ಎಂದ.

"ಹಾಗಾದ್ರೆ ಎರಡನೇ ಸಲ ಬಡಿಸಿಕೊಂಡಿದ್ದು ಯಾರು?" ಎಂದಳು ಹೆಂಡತಿ.

"ತಮಾಷೆ ಸಾಕು. ನಿನ್ನ ತಮ್ಮ ಅಲ್ಲೇ ನಿಂತಿದ್ದ. ನಮ್ಮ ಭಾವ ಬದುಕಿದ್ದಾರೆ ಅಂತ ಒಂದು ಮಾತು ಹೇಳಿದ್ರೆ ಅವನ ಗಂಟೇನು ಹೋಗ್ತಿತ್ತು?"

"ಅವನನ್ನೇ ಕೇಳಿ. ನನ್ನ ತಮ್ಮ ಸುಳ್ಳು ಹೇಳೋನಲ್ಲ. ಸುಮ್ಮನಿರೋನು ಅಷ್ಟೆ."

ಕೈ ತೊಳೆದವನೇ ರಸ್ತೆ ದಾಟಿ ಕೇಳಿದ. ಮೈದುನ ಪ್ಯಾಂಟಿನ ಗೆರೆ ಕೂರಿಸುತ್ತಾ ತಲೆಯೆತ್ತದೆ ಉತ್ತರ ಕೊಟ್ಟ.

"ಭಾವ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅದಿರಲಿ, ಆ ಹುಡುಗಿ ನಿಮ್ಮ ಬಗ್ಗೆ ಎಷ್ಟು ಒಳ್ಳೆ ಮಾತಾಡ್ತಾಳೆ, ಕೇಳಿದ್ರಲ್ಲ? ಬದುಕಿದ್ದಾಗ ಯಾರಾದ್ರೂ ನಿಮ್ಮನ್ನ ಜೀವಾಳ ಅಂದಿದ್ರಾ?"

"ಬದುಕಿದ್ದಾಗ ಅಂತೀಯಲ್ಲೋ! ನಾನು ಈಗಲೂ ಬದುಕಿದ್ದೀನಿ!"

"ನನಗೆ ಗೊತ್ತು ಭಾವ. ನೀವು ಅವರಿಗೆ ಹೇಳಿ."

ಕತ್ತರಿಯಣ್ಣನಿಗೆ ಆ ವಾರವೆಲ್ಲ ಅದೇ ಗುಂಗು. ಹೊಸಬನೆಂದರೆ ಸಹಿಸಿಕೊಂಡಿದ್ದ. ಸತ್ತವನೆಂದರೆ ಹೇಗೆ ಸಹಿಸುವುದು? ಅದೂ ತನ್ನ ಅಂಗಡಿಯನ್ನು ಹಾಳು ಮಾಡಿದ ಹೊರಗಿನವನೂ ತಾನೇ, ಹಾಳಾಗುವ ಮೊದಲೇ ಸತ್ತ ಪುಣ್ಯಾತ್ಮನೂ ತಾನೇ! ಈ ಬೀದಿಯಲ್ಲಿ ಹುಟ್ಟಿ, ಈ ಬೀದಿಯ ತಲೆಗಳ ಉಬ್ಬುತಗ್ಗುಗಳನ್ನೆಲ್ಲ ಬೆರಳ ತುದಿಯಲ್ಲಿ ಬಲ್ಲವನು ತಾನು ಎಂದು ಒಬ್ಬರಾದರೂ, ಅದೂ ಆ ಸ್ಪೀಕರಿನಲ್ಲಿ, ಹೇಳಬೇಕು. ಅಲ್ಲಿಯತನಕ ಅವನಿಗೆ ಸಮಾಧಾನವಿಲ್ಲ.

ಮುಂದಿನ ಭಾನುವಾರ ಹಿಂಡು ಬರುವ ಮೊದಲೇ ಬೀದಿಯ ತಿರುವಿಗೆ ಹೋಗಿ ಕೊಡೆ ಹುಡುಗಿಯನ್ನು ಅಡ್ಡಗಟ್ಟಿದ.

"ಅಮ್ಮಾ, ಆ ಹಳೇ ಕ್ಷೌರಿಕ ನಾನೇ."

ಹುಡುಗಿ ನಕ್ಕಳು. ಅದು ದಿನಕ್ಕೆ ಹತ್ತು ಜನರಿಂದ ಇದೇ ಮಾತು ಕೇಳಿದವರ ನಗು. ಅದಕ್ಕೆ ಕಾರಣವೂ ಇತ್ತು. ನಡಿಗೆ ಶುರುವಾದ ಮೇಲೆ ಬೀದಿಯಲ್ಲಿ ಹಳಬರಾಗಲು ನೂಕುನುಗ್ಗಲು. ಹೋದ ವರ್ಷ ತೆರೆದ ಬೇಕರಿಯವನು ಹೊಸ ಬಣ್ಣ ಕೆರೆಸಿ ಗೋಡೆಯ ಇಟ್ಟಿಗೆ ಕಾಣಿಸುವ ಹಾಗೆ ಮಾಡಿಕೊಂಡಿದ್ದ. ಬೀಗದಂಗಡಿಯವನು ಥಳಥಳಿಸುವ ಬೀಗಗಳನ್ನು ಒಳಗಿಟ್ಟು, ಒಂದು ಬುಟ್ಟಿ ತುಕ್ಕು ಹಿಡಿದ ಕೀಲಿಗಳನ್ನು ಎಲ್ಲಿಂದಲೋ ತಂದು ಬಾಗಿಲಿಗೆ ತೂಗುಹಾಕಿದ್ದ. ದರ್ಜಿ ಅಟ್ಟದಿಂದ ಕಾಲಿನಲ್ಲಿ ತುಳಿಯುವ ಮಿಷನ್ ಇಳಿಸಿದ್ದ. ಹೊಲಿಯುವುದು ಮಾತ್ರ ಹಿಂದಿನ ಕೋಣೆಯ ಕರೆಂಟಿನ ಮಿಷನ್ನಿನಲ್ಲಿ. ಹಿಂಡು ಬಂದಾಗ ಬರಿದೇ ತುಳಿಯುತ್ತಿದ್ದ.

"ಸರ್, ಬೇಜಾರು ಮಾಡ್ಕೋಬೇಡಿ. ಅವರು ತೀರಿಕೊಂಡಿದ್ದನ್ನ ನನಗೆ ಹೇಳಿದವರು ನೀವೇ" ಎಂದಳು ಹುಡುಗಿ.

"ನಾನಾ?"

"ನೀವೇ ಸರ್. ಸಲೂನ್ ತೆರೆದ ಹೊಸದರಲ್ಲಿ ಬಂದು, ಇಲ್ಲಿದ್ದ ಹಳಬರು ಎಲ್ಲಿ ಅಂತ ಕೇಳಿದೆ. ಊರು ಬಿಟ್ಟರು ಅಂದ್ರಿ. ಯಾವ ಊರು, ಹೋಗಿ ಮಾತಾಡಿಸ್ತೀನಿ ಅಂದೆ. ಆಗ, ಇಲ್ಲ ತೀರಿಕೊಂಡರು ಅಂದ್ರಿ. ಏನಾಗಿತ್ತು ಅಂದಿದ್ದಕ್ಕೆ, ಏನೂ ಇಲ್ಲ, ಕೂತಿದ್ದೋರು ಹಾಗೇ ಹೋಗಿಬಿಟ್ಟರು ಅಂದ್ರಿ. ನಾನು ಅತ್ತಿದ್ದೆ. ನೀವು ನನಗೆ ಟಿಶ್ಯೂ ಕೊಟ್ಟಿದ್ರಿ."

ಕತ್ತರಿಯಣ್ಣನಿಗೆ ಎಲ್ಲ ನೆನಪಾಯಿತು. ಅವತ್ತು ಅಳಿಯ ಏಣಿಯ ಮೇಲೆ ನಿಂತು ಬಲ್ಬು ಹಾಕುತ್ತಾ, ಮಾವ ಬಾಯಿ ಬಿಡುತ್ತಾರೋ ಏನೋ ಎಂದು ಕಿವಿ ನಿಮಿರಿಸಿಕೊಂಡಿದ್ದ. ಈ ಹುಡುಗಿಯೋ ಒಂದರ ಬೆನ್ನಿಗೆ ಒಂದು ಪ್ರಶ್ನೆ. ಮಾತು ಮುಗಿಸಲು ಬೇರೆ ದಾರಿ ಕಾಣದೆ ತನ್ನನ್ನು ತಾನೇ ಮುಗಿಸಿದ್ದ. ಆಗ ಅದು ಬಹಳ ಜಾಣತನದ ಕೆಲಸವೆನಿಸಿತ್ತು.

"ಅದು ಬಾಯ್ತಪ್ಪಿ..." ಎಂದು ತೊದಲಿದ.

"ಸಾವಿನ ವಿಷಯ ಯಾರಾದ್ರೂ ಬಾಯ್ತಪ್ಪಿ ಹೇಳ್ತಾರಾ ಸರ್? ಹೋಗಲಿ, ನೀವೇ ಅವರು ಅನ್ನೋದಾದ್ರೆ, ಅವರ ಕುರ್ಚಿ ನಿಮ್ಮ ಹತ್ತಿರ ಯಾಕಿಲ್ಲ?"

ಈ ಪ್ರಶ್ನೆಗೆ ಉತ್ತರ ಒಂದೇ. ಕುರ್ಚಿ ವಾಪಸು ಬರಬೇಕು.

ಮೈದುನ ಸುಲಭಕ್ಕೆ ಬಗ್ಗಲಿಲ್ಲ. "ನನ್ನ ಬೆನ್ನು ಅದಕ್ಕೆ ಒಗ್ಗಿಹೋಗಿದೆ ಭಾವ. ಈಗ ಬೇರೆ ಕುರ್ಚಿಯಲ್ಲಿ ಕೂತ್ರೆ ಬೆನ್ನು ನನ್ನನ್ನೇ ಗುರುತು ಹಿಡಿಯಲ್ಲ."

"ಅದು ನಮ್ಮಪ್ಪನ ಕುರ್ಚಿ ಕಣೋ."

"ಫುಟ್‌ಪಾತಲ್ಲಿ ಬಿದ್ದಿದ್ದಾಗ ಯಾರಪ್ಪನದು ಅಂತ ಬರೆದಿರಲಿಲ್ಲ."

"ನೋಡಿದೆಯಾ ನಿನ್ನ ತಮ್ಮನ ಬಾಯಿ?" ಎಂದು ಕತ್ತರಿಯಣ್ಣ ಹೆಂಡತಿಯ ಕಡೆ ತಿರುಗಿದ. ಪಂಚಾಯಿತಿಗೆಂದು ಬಂದಿದ್ದ ಆಕೆ ಇಸ್ತ್ರಿಯಾದ ಬಟ್ಟೆಗಳ ರಾಶಿಯ ಪಕ್ಕ ಕೂತು ತನ್ನ ಸೀರೆಯೊಂದನ್ನು ಹುಡುಕುತ್ತಿದ್ದಳು.

"ಇಬ್ಬರ ಬಾಯೂ ನೋಡ್ತಾನೇ ಇದ್ದೀನಿ. ಕೊಟ್ಟಿದ್ದನ್ನ ಸುಮ್ಮನೆ ಕಿತ್ತುಕೊಂಡ್ರೆ ನಮ್ಮ ತವರಿನೋರು ಏನಂದಾರು? ಒಂದು ಹೊಸ ಕುರ್ಚಿ ಇವನಿಗೆ ಕೊಟ್ಟು, ಹಳೇದು ತಗೊಂಡು ಹೋಗಿ."

"ಹೊಸದಾ? ಅಳಿಯ ಏನಂತಾನೆ?"

"ಅಳಿಯನಿಗೆ ನಾನು ಹೇಳ್ತೀನಿ. ಸತ್ತೋರಿಗೆ ಅಷ್ಟೊಂದು ಚಿಂತೆ ಯಾಕೆ?"

ಮೈದುನನ ಬೆನ್ನು ತಕ್ಷಣ ಮನಸ್ಸು ಬದಲಾಯಿಸಿತು. ಮೇಲೇಳುವ ಕುರ್ಚಿಯೆಂದರೆ ಅದಕ್ಕೂ ಆಸೆ. ಹೀಗೆ ಒಂದು ಸಂಜೆ ಎರಡು ಕುರ್ಚಿಗಳು ರಸ್ತೆಯ ನಡುವೆ ಎದುರುಬದುರಾದವು. ಹೊಸದನ್ನು ಈ ಕಡೆಯಿಂದ ಕತ್ತರಿಯಣ್ಣ ನೂಕಿದ, ಹಳೆಯದನ್ನು ಆ ಕಡೆಯಿಂದ ಮೈದುನ ಎಳೆದು ತಂದ. ವಾಹನಗಳು ಹಾರ್ನ್ ಹಾಕಿ ಹಾಕಿ ಸುಸ್ತಾದವು. ಕಬ್ಬಿಣದ ಕಾಲು ಒಂದು ಗುಂಡಿಗೆ ಸಿಕ್ಕು ಕುರ್ಚಿ ತಾನಾಗಿಯೇ ಎಡಕ್ಕೆ ತಿರುಗಿ ಅರಚಿದಾಗ, ಹಾರ್ನುಗಳೆಲ್ಲ ಒಂದು ಗಳಿಗೆ ಬಾಯಿ ಮುಚ್ಚಿಕೊಂಡವು.

ಕುರ್ಚಿ ಮನೆಗೆ ಬಂದಂತಾಯಿತು. ಬಲ್ಬುಗಳ ಬೆಳಕಿನಲ್ಲಿ, ಹೊಳೆಯುವ ಎರಡು ಹೊಸ ಕುರ್ಚಿಗಳ ಪಕ್ಕ ನಿಂತ ಅದನ್ನು ಕತ್ತರಿಯಣ್ಣ ಬಹಳ ಹೊತ್ತು ನೋಡಿದ. ಕಾಲಿಗೆ ತುಕ್ಕು. ಸೀಟು ಹರಿದು ಒಳಗಿನ ನಾರು ಹೊರಗೆ ಇಣುಕಿದೆ. ಭಾನುವಾರ ಅಷ್ಟು ಜನ ಬರುತ್ತಾರೆ; ಸ್ಪೀಕರಿನಲ್ಲಿ ತನ್ನ ವಿಷಯ ಹೇಳುತ್ತಾರೆ; ಈ ಅವತಾರದಲ್ಲಿ ಅಪ್ಪನ ಕುರ್ಚಿಯನ್ನು ಅವರ ಮುಂದೆ ನಿಲ್ಲಿಸುವುದೇ? ಕೂದಲು ಕೆದರಿದ ಗಿರಾಕಿಯನ್ನು ಹಾಗೇ ಹೊರಗೆ ಕಳಿಸಿದ ಅಪಕೀರ್ತಿ ಈ ಅಂಗಡಿಗೆ ಎಂದೂ ಬಂದದ್ದಿಲ್ಲ. ಅಲ್ಲದೆ ಅಪ್ಪನ ಕಾಲದಿಂದ ಇದು ಖಾಲಿ ಸಿಕ್ಕಿರುವುದು ಇದೇ ಮೊದಲು.

ಸೋಮವಾರ ಸೈಕಲ್ ರಿಪೇರಿಯವನನ್ನು ಕರೆದುಕೊಂಡು ಬಂದ. ಇಬ್ಬರೂ ಕೂತು ಕುರ್ಚಿಯ ಕೀಲುಕೀಲು ಬಿಚ್ಚಿದರು. ಒಳಗೆ, ನಡುಗಂಬದ ಬುಡದಲ್ಲಿ, ಒಂದು ಬದಿಗೆ ಸವೆದುಹೋದ ಬಳೆಯಂಥ ಉಂಗುರ ಸಿಕ್ಕಿತು. "ಇದೇ ನೋಡು ಇಷ್ಟು ವರ್ಷ ಮಾನ ಕಳೆದಿದ್ದು" ಎಂದು ಕತ್ತರಿಯಣ್ಣ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಕಸದ ಬುಟ್ಟಿಗೆ ಎಸೆದ. ಹೊಸ ಬೇರಿಂಗ್ ಕೂತಿತು, ಕೈತುಂಬ ಗ್ರೀಸ್ ಬಿತ್ತು. ಕಾಲಿಗೆ ಬೆಳ್ಳಿಯಂತೆ ಮಿನುಗುವ ಲೇಪ ಕೊಡಿಸಿ ತಂದ. ಮರದ ತೋಳನ್ನು ಉಜ್ಜಿ ಉಜ್ಜಿ ವಾರ್ನಿಷ್ ಹೊಡೆದ. ಸೀಟಿಗೆ ಮಾಗಿದ ದಾಳಿಂಬೆ ಬಣ್ಣದ ರೆಕ್ಸಿನ್. ಶನಿವಾರ ಸಂಜೆ ತಾನೇ ಕೂತು ಎಡಕ್ಕೆ ತಿರುಗಿದ. ಸದ್ದಿಲ್ಲ. ಇನ್ನೊಮ್ಮೆ ತಿರುಗಿದ. ಬೆಣ್ಣೆಯ ಮೇಲೆ ಕೂತ ಹಾಗೆ. ಅವನ ಕಣ್ಣಲ್ಲಿ ನೀರಾಡಿತು. ಹೆಂಡತಿಯನ್ನು ಕೂಗಿ ತೋರಿಸಿದ. ಆಕೆ ಒಂದು ಸುತ್ತು ತಿರುಗಿ, "ಚೆನ್ನಾಗಿದೆ, ಆದ್ರೆ ಏನೋ ಮರೆತು ಬಂದ ಹಾಗಿದೆ" ಎಂದಳು. ಹೆಂಗಸರಿಗೆ ಯಂತ್ರಗಳ ವಿಷಯ ತಿಳಿಯದೆಂದುಕೊಂಡು ಅವನು ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿದ.

ಭಾನುವಾರ ಕೊಡೆ ಹುಡುಗಿಯನ್ನು ಅವನೇ ಒಳಗೆ ಕರೆದ. "ಬನ್ನಿ, ಬನ್ನಿ ಎಲ್ಲರೂ. ಕುರ್ಚಿ ಎಲ್ಲಿ ಅಂತ ಕೇಳಿದ್ರಲ್ಲ? ಬಂದಿದೆ."

ಹಿಂಡು ಗಾಜಿನ ಬಾಗಿಲು ದಾಟಿ ಒಳಗೆ ತುಂಬಿಕೊಂಡಿತು. ಟೋಪಿಯವನು ಈ ಸಲ ತನ್ನ ಅಕ್ಕನನ್ನೂ ಕರೆತಂದಿದ್ದ. ಕುರ್ಚಿಯ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು.

"ಎಲ್ಲರೂ ಕಣ್ಮುಚ್ಚಿ" ಎಂದಳು ಹುಡುಗಿ.

ಕತ್ತರಿಯಣ್ಣ ಬಟ್ಟೆ ಸರ್ರನೆ ಎಳೆದು ಕುರ್ಚಿಯನ್ನು ಎಡಕ್ಕೆ ತಿರುಗಿಸಿದ. ಎಲ್ಲರೂ ಕಾದರು. ಕನ್ನಡಿಯ ಬಲ್ಬೊಂದು ಜಿಂಯ್ ಎನ್ನುತ್ತಿತ್ತು. ಯಾರದೋ ಬಾಟಲಿಯಲ್ಲಿ ನೀರು ಕುಲುಕಿತು.

"ಇನ್ನೂ ತಿರುಗಿಸಿಲ್ವಾ?" ಎಂದ ಟೋಪಿಯವನು, ಕಣ್ಮುಚ್ಚಿಯೇ.

"ಆಗಲೇ ಎರಡು ಸುತ್ತಾಯ್ತು!" ಎಂದ ಕತ್ತರಿಯಣ್ಣ ಹೆಮ್ಮೆಯಿಂದ. "ಒಂದು ಚೂರು ಸದ್ದು ಬಂತಾ? ಹೇಳಿ ನೋಡೋಣ!"

ಒಂದೊಂದಾಗಿ ಕಣ್ಣುಗಳು ತೆರೆದವು. ಮಿನುಗುವ ಕಾಲು, ದಾಳಿಂಬೆ ಬಣ್ಣದ ಸೀಟು, ಮುಖ ಕಾಣುವಷ್ಟು ಹೊಳಪಿನ ತೋಳು.

"ಇದು ಎಲ್ಲಿ ಸಿಗುತ್ತೆ? ನಮ್ಮ ಫ್ಲ್ಯಾಟಿಗೆ ಒಂದು ಬೇಕಿತ್ತು" ಎಂದಳು ಟೋಪಿಯವನ ಅಕ್ಕ.

"ಸರ್, ಹೊಸ ಕುರ್ಚಿ ತಂದು..." ಎಂದು ಕೊಡೆ ಹುಡುಗಿ ಅರ್ಧಕ್ಕೇ ನಿಲ್ಲಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಅದು ಸಿಟ್ಟಿಗಿಂತ ಕೆಟ್ಟದ್ದು.

ಅಷ್ಟರಲ್ಲಿ ಎದುರುಗಡೆಯಿಂದ 'ಫುಸ್' ಎಂಬ ಸದ್ದು ಕೇಳಿಸಿತು. ಇಸ್ತ್ರಿ ಅಂಗಡಿಯಲ್ಲಿ ಮೈದುನ ಹೊಸ ಕುರ್ಚಿಯ ಮೇಲೆ ಕೂತೇ ಇಸ್ತ್ರಿ ಮಾಡುತ್ತಿದ್ದ. ಅಂಗಿಯ ಕಾಲರಿಗೆ ಬಂದಾಗ ಕಾಲೊತ್ತಿ ಮೇಲೇರುತ್ತಿದ್ದ, ತುದಿಗೆ ಬಂದಾಗ 'ಫುಸ್' ಎಂದು ಇಳಿಯುತ್ತಿದ್ದ. ಹಿಂಡಿನ ಅರ್ಧ ಭಾಗ ಆಗಲೇ ಆ ಕಡೆ ಕ್ಯಾಮೆರಾ ತಿರುಗಿಸಿತ್ತು.

ಕತ್ತರಿಯಣ್ಣನ ಮುಖ ಬಾಡಿತು. ಎಲ್ಲರೂ ಬಾಗಿಲತ್ತ ಹೊರಟಿದ್ದಾರೆ. ಹೊರಗೆ ಕಾಲಿಟ್ಟರೆ ಮುಗಿಯಿತು. ಈ ಬೀದಿಯಲ್ಲಿ ಅವನು ಇನ್ನು ಶಾಶ್ವತವಾಗಿ ಯಾರೋ ಹೊರಗಿನವನು. ಬಾಯಿ ತೆರೆದ. ಏನು ಹೇಳಬೇಕೆಂದು ತೋಚಲಿಲ್ಲ. ತೋಚದ ಬಾಯಿಯಿಂದ ತಾನಾಗಿಯೇ ಹೊರಟಿತು:

"ಕಿರ್ರ್ರ್ರ್ರ್..."

ನಡುವೆ ಒಂದು ಕ್ಷಣ ನಿಂತು, ಯೋಚಿಸಿ,

"...ರ್ರ್ರ್. ಹುಕ್ಕ್."

ಬಾಗಿಲಲ್ಲಿದ್ದ ಜನ ನಿಂತಲ್ಲೇ ನಿಂತರು. ಎದುರಿನ ಮೈದುನ ಅರ್ಧ ಎತ್ತರದಲ್ಲೇ ತಡೆದು ಕೂತ. ಬೀದಿಯ ತುದಿಯ ಬೀಗದಂಗಡಿಯವನು ಹೊರಗೆ ಬಂದು ಸುತ್ತ ನೋಡಿದ. ಕುರ್ಚಿಗೆ ಕೂಡ ಅದನ್ನು ಅಷ್ಟು ಚೆನ್ನಾಗಿ ಕೂಗಲು ಬರುತ್ತಿರಲಿಲ್ಲ.

"ಅದೇ! ಅದೇ ಸದ್ದು! ಸರ್, ಇದನ್ನ ಎಲ್ಲಿ ಕಲಿತ್ರಿ?" ಎಂದು ಹುಡುಗಿ ಕೊಡೆ ಕೆಳಗೆ ಬಿಟ್ಟಳು.

"ಕಲಿಯೋದೇನು ಬಂತಮ್ಮ? ಇಷ್ಟುದ್ದ ಇದ್ದಾಗಿನಿಂದ ದಿನಾ ಇದೇ ಕೋಣೆಯಲ್ಲಿ, ಅದರ ಪಕ್ಕದಲ್ಲೇ ನಿಂತು ಕೇಳಿದ್ದೀನಿ. ಈ ಬೀದಿಯಲ್ಲಿ ನನಗಿಂತ ಹತ್ತಿರದಿಂದ ಅದನ್ನ ಕೇಳಿದೋರು ಯಾರಿದ್ದಾರೆ?"

ಹುಡುಗಿಯ ಕಣ್ಣರಳಿತು. "ಅಯ್ಯೋ, ನನಗೆ ಮೊದಲೇ ಹೊಳೀಬೇಕಿತ್ತು! ನೀವು ಆ ಹಿರಿಯರ ಶಿಷ್ಯರು!"

"ಶಿಷ್ಯ ಅಲ್ಲಮ್ಮ, ನಾನೇ—"

ಆದರೆ ಆ ಹೊತ್ತಿಗೆ ಸ್ಪೀಕರಿನಲ್ಲಿ ಘೋಷಣೆಯಾಗಿಬಿಟ್ಟಿತ್ತು. ಹಿಂಡು ಅವನನ್ನು ಸುತ್ತುಗಟ್ಟಿತು. ಅಷ್ಟೂ ಮುಖಗಳಲ್ಲಿ ಅವನು ಎಂದೂ ಕಾಣದಿದ್ದ ಗೌರವ. ಟೋಪಿಯವನು ಟೋಪಿ ತೆಗೆದು ಕೇಳಿದ:

"ಹೇಗಿದ್ರು ಸರ್ ಅವರು? ಮನುಷ್ಯ ಹೇಗೆ?"

ಕತ್ತರಿಯಣ್ಣ ಲೆಕ್ಕ ಹಾಕಿದ. ನಾನೇ ಅವನು ಎಂದರೆ, ಮತ್ತೆ ಮೊದಲಿನಿಂದ ಸಾಕ್ಷಿ, ಮತ್ತೆ ಆ ಮರುಕದ ನಗು. ಮೇಲಾಗಿ ತಾನು ಮನುಷ್ಯ ಹೇಗೆಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಹೇಳಲಿಕ್ಕೆ ವಿಷಯ ಬೇಕಾದಷ್ಟಿತ್ತು.

"ಏನಂತ ಹೇಳಲಿ" ಎಂದು ಶುರುಮಾಡಿ, ದನಿ ತಗ್ಗಿಸಿದ. "ಬಂಗಾರದಂಥ ಮನುಷ್ಯ. ಕೈಯೋ, ಹೂವಿನಷ್ಟು ಹಗುರ. ನಿದ್ದೆ ಮಾಡ್ತಿರೋ ಗಿರಾಕಿಗೆ ಎಚ್ಚರ ಆಗದ ಹಾಗೆ ಗಡ್ಡ ತೆಗೀತಿದ್ರು. ಬೀದಿಯ ಗುಟ್ಟುಗಳೆಲ್ಲ ಅವರ ಕಿವಿಗೆ ಬೀಳ್ತಿತ್ತು, ಒಂದೂ ಬಾಯಿಗೆ ಬರ್ತಿರಲಿಲ್ಲ. ಅಂಥೋರು ಮತ್ತೆ ಹುಟ್ಟೋದಿಲ್ಲ ಬಿಡಿ."

"ನೋಡೋಕೆ?"

"ಲಕ್ಷಣವಾಗಿದ್ರು" ಎಂದ ಕತ್ತರಿಯಣ್ಣ, ಕನ್ನಡಿಯತ್ತ ಒಂದು ಸಲ ಕಣ್ಣು ಹಾಯಿಸಿ. "ಮೀಸೆ ಅಂದ್ರೆ ಅದು ಮೀಸೆ."

ಹೇಳುತ್ತಾ ಹೇಳುತ್ತಾ ಅವನು ನಿಜವಾಗಿಯೂ ಅಂಗೈಯಿಂದ ಕಣ್ಣು ಒರೆಸಿಕೊಂಡ. ಅಷ್ಟು ಒಳ್ಳೆಯವನು ಇನ್ನಿಲ್ಲ ಎಂಬುದು ಅವನಿಗೂ ಆಗಷ್ಟೇ ಅರಿವಾದ ಹಾಗಿತ್ತು. ಟೋಪಿಯವನ ಅಕ್ಕ ಟಿಶ್ಯೂ ಕೊಟ್ಟಳು. ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಬಂದ ಹೆಂಡತಿ, ಬಾಗಿಲಲ್ಲಿ ನಿಂತು ಕೊನೆಯ ಎರಡು ಮಾತು ಕೇಳಿಸಿಕೊಂಡಳು.

"ಇವರಿಗೂ ಆ ಹಿರಿಯರು ಪರಿಚಯವಾ?" ಎಂದು ಹುಡುಗಿ ಕೇಳಿದಳು.

ಕತ್ತರಿಯಣ್ಣ ಹೆಂಡತಿಯ ಮುಖ ನೋಡಿದ. ಹೆಂಡತಿ ಅವನ ಮುಖವನ್ನೂ, ಕೈಯಲ್ಲಿದ್ದ ಟಿಶ್ಯೂವನ್ನೂ, ಸುತ್ತ ನಿಂತ ಜನರನ್ನೂ ನೋಡಿದಳು.

"ಗೊತ್ತಿಲ್ಲದೆ ಏನು. ಒಳ್ಳೇ ಮನುಷ್ಯರೇ" ಎಂದಳು. "ಆದ್ರೆ ಗೊರಕೆ ಮಾತ್ರ ಆ ಕುರ್ಚಿಗಿಂತ ಜೋರು."

ಎಲ್ಲರೂ ನಕ್ಕರು. ಕೊಡೆ ಹುಡುಗಿ ಅದನ್ನೂ ಗುರುತು ಹಾಕಿಕೊಂಡಳು.

ಈಗ ಪ್ರತಿ ಭಾನುವಾರ ನಡಿಗೆ ಸಲೂನಿನಲ್ಲಿ ನಿಲ್ಲುತ್ತದೆ. ಕತ್ತರಿಯಣ್ಣ ಖಾಲಿ ಕುರ್ಚಿಯನ್ನು ಸದ್ದಿಲ್ಲದೆ ತಿರುಗಿಸಿ, ಬಾಯಲ್ಲಿ ಸದ್ದು ಮಾಡಿ, ಗುರುಗಳ ಗುಣಗಾನ ಮಾಡುತ್ತಾನೆ. ಹಳೇ ಕ್ಷೌರಿಕ ತೀರಿಕೊಂಡಿದ್ದಾನೆ ಎಂಬ ವಿಷಯದಲ್ಲಿ ಬೀದಿಯಲ್ಲಿ ಈಗ ಯಾರಿಗೂ ತಕರಾರಿಲ್ಲ.